ನಿಜವಾದ ಕಂಬಳಿಹುಳ

ಹುಲಿಕುಂಟೆಯ ರಂಗಕ್ಕ ಕಂಬಳಿಗಳನ್ನೂ ಮಾತಾಡಿಸುವ ಹೆಂಗಸು. ಗಂಡ ಮಾರಣ್ಣ ನೇಯ್ದ ಮೊದಲ ಕರಿ ಕಂಬಳಿ ಒಳಮನೆಯ ಹಲಗೆಯ ಮೇಲೆ ಮಡಿಸಿಟ್ಟಿತ್ತು. ಮದುವೆಗಳಲ್ಲಿ ದೇವರ ಗದ್ದುಗೆಗೆ ಹಾಸುವುದು ಅದನ್ನೇ. ಹಾಗಾಗಿ ಅದೂ ದೇವರೇ. ವಾರವಾರವೂ ರಂಗಕ್ಕ ಅದರ ಮೇಲೊಂದು ಹಿಡಿ ಸೇವಂತಿಗೆಯಿಟ್ಟು ಕೈಮುಗಿಯುತ್ತಿದ್ದಳು.

ಮಗಳು ಮಂಗಳಗೌರಿಯ ಮದುವೆ ಗೊತ್ತಾಯಿತು. ಬಿಸಿಲಿಗೆ ಹಾಕಲೆಂದು ರಂಗಕ್ಕ ಕಂಬಳಿ ಬಿಡಿಸಿದರೆ ಬೆಳಕು ಚುಕ್ಕೆಚುಕ್ಕೆಯಾಗಿ ಈಚೆ ಬಂತು.

"ಅಲ್ಲಯ್ಯಾ, ಗದ್ದುಗೆ ಕಂಬ್ಳಿಗೂ ಬೀಡಿ ಕಿಡಿ ಉದುರಿಸ್ಬುಟ್ಯಾ?"

"ಲೇ, ಸುಟ್ಟಿದ್ರೆ ಉಣ್ಣೆ ಗಂಟು ಕಟ್ಟಿರ್ತಿತ್ತು. ಮೂಸಿ ನೋಡು!" ಎಂದ ಮಾರಣ್ಣ.

ಕೊಡವಿದಾಗ ಎಳ್ಳಿಗಿಂತ ತುಸು ಉದ್ದನೆಯ, ಮೈತುಂಬ ರೋಮದ ಕಂದು ಹುಳಗಳು ಉದುರಿದವು. ಜೊತೆಗೆ ಅವು ಕಳಚಿಟ್ಟ ಪೊರೆಗಳು.

"ಕಂಬ್ಳಿಹುಳದ ಮರಿ ಕಣಮ್ಮ!" ರಂಗಕ್ಕ ಬಾಗಿಲ ಬಳಿಯ ನುಗ್ಗೆ ಮರವನ್ನು ದುರುಗುಟ್ಟಿ ನೋಡಿದಳು. ಅದಕ್ಕೆ ಕಂಬಳಿಹುಳ ಮುತ್ತುವುದು ಊರಿಗೇ ಗೊತ್ತು. "ಮೊದ್ಲು ಆ ಮರ ಕಡೀರಿ."

ಅದು ಮಂಗಳಗೌರಿ ಚಿಕ್ಕವಳಾಗಿದ್ದಾಗ ತಾನೇ ನೆಟ್ಟ ಮರ. "ಒಸಿ ತಡಿಯವ್ವಾ. ಇವು ಚಿಟ್ಟೆ ಆದ್ರೆ ಕಡಿಸು" ಎಂದು ಹುಳಗಳನ್ನು ಗಾಜಿನ ಬಾಟಲಿಗೆ ಹಾಕಿದಳು. ಒಂದು ನುಗ್ಗೆ ಎಲೆ, ಒಂದು ಎಳೆ ಉಣ್ಣೆ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದಳು.

ಎಲೆ ಹಾಗೇ ಒಣಗಿತು. ಉಣ್ಣೆ ಸವೆಯಿತು. ಕೊಡಲಿ ಗೋಡೆಗೆ ಒರಗಿ ಕಾಯುತ್ತಲೇ ಇತ್ತು. ಮದುವೆ ಹತ್ತಿರವಾದಾಗ ಒಂದು ಬೆಳಿಗ್ಗೆ ಬಾಟಲಿಯಲ್ಲಿ ಚಿಟ್ಟೆಯಿರಲಿಲ್ಲ. ಸಾಸಿವೆಯಷ್ಟು ದುಂಡಗಿನ, ಬಿಳಿ-ಕಂದು ಚುಕ್ಕೆಯ ದುಂಬಿಯೊಂದು ಬೆಳಕಿನತ್ತ ಹತ್ತುತ್ತಿತ್ತು.

ರಂಗಕ್ಕ ಬಗ್ಗಿ ನೋಡಿದಳು. "ಅಯ್ಯೋ, ಇವನು ಗುರ್ತಿರೋನೇ! ಸೇವಂತಿಗೆ ಒಳಗೆ ಕೂತಿರ್ತಾನಲ್ಲ!"

ಮಗಳು ನಕ್ಕಳು. "ದೊಡ್ಡದು ಹೂವಿನ ಪುಡಿ ತಿಂತದೆ, ಕಂಬ್ಳೀಲಿ ಮೊಟ್ಟೆ ಇಡ್ತದೆ. ಮರಿಗೆ ಉಣ್ಣೆ ಊಟ ಕಣವ್ವಾ."

"ಅಂಗಾದ್ರೆ ವಾರವಾರ ನೀನೇ ಕರ್ಕೊಂಬಂದು ಕೂರಿಸಿದ್ದೀಯ!" ಮಾರಣ್ಣ ಹಿಗ್ಗಿದ. "ಬೈಸ್ಕೊಂಡಿದ್ದು ಮಾತ್ರ ನನ್ನ ಬೀಡಿ!"

ಕೊಡಲಿ ಸೌದೆ ಮನೆಗೆ ಹೋಯಿತು. ಕಂಬಳಿಯನ್ನು ಮಡಿಕೆಮಡಿಕೆ ಉಜ್ಜಿ ಬಿಸಿಲಿಗೆ ಹಾಕಿದರು. ಮಾರಣ್ಣ ಕರಿ ಉಣ್ಣೆಯಿಂದ ತೂತುಗಳನ್ನು ಹೆಣೆದು ಮುಚ್ಚಿದ.

ಮದುವೆಯ ದಿನ ಊಟಕ್ಕೆ ನುಗ್ಗೆಕಾಯಿ ಸಾರು. ಗದ್ದುಗೆಯ ಮೇಲೆ ಹೂವಿಡಲು ಬಂದ ಪೂಜಾರಪ್ಪನನ್ನು ರಂಗಕ್ಕ ತಡೆದಳು.

"ಒಸಿ ಕೊಡವಿ ಇಡಪ್ಪ. ಒಳಗೆ ನೆಂಟ್ರಿರ್ತಾರೆ."