ಬಿಳಿ ರಣಹದ್ದಿನ ಹೆಜ್ಜಿ

ಇವತ್ತು ಮುಂಜಾನಿ ನಮ್ಮ ಆಡು ಮರಿ ಹಾಕ್ತು. ಮರಿ ಹಿಂದ ಬಿದ್ದ ಮಾಸಿನ ಹಸಿ ವಾಸನಿಗೆ ಹೇಮಗುಡ್ಡದ ಬುಡ ನೆನಪಾತು.

ನಾ ಸಣ್ಣಿದ್ದಾಗ ಅಲ್ಲಿ ಹುಟ್ಟಿದ ಮರಿಯೊಂದು ಉಸಿರಾಡಲಿಲ್ಲ. ಅವ್ವ ಅದರ ಮೂಗು ಒರೆಸಿ, ಬಾಯಿಟ್ಟು ಊದಿದಳು. ಬಿಳಿ ರಣಹದ್ದೊಂದು ಮನುಷ್ಯರಂಗ ನಡಕೋತ ಬಂತು. ನಾ ಕಲ್ಲೆತ್ತಿದೆ.

"ಹೊಡಿಬ್ಯಾಡ," ಅಂದಳು ಅವ್ವ. "ಜೀವ ಹೋಗೋದು ಅದಕ್ಕ ನಮಗಿಂತ ಮೊದ್ಲ ತಿಳಿತೈತಿ. ಹದ್ದು ಬರಾಕತ್ತೈತೋ ನಿಂತೈತೋ, ಅಷ್ಟ ಹೇಳು."

"ಬರಾಕತ್ತೈತಿ."

ಅವ್ವ ಮತ್ತ ಊದಿದಳು.

"ಇನ್ನೊಂದು ಹೆಜ್ಜಿ ಇಟ್ತು, ಅವ್ವ."

ಮರಿ ಸೀನಿತು.

"ನಿಂತೈತಿ."

ಅವ್ವ ಮಾಸು ಎತ್ತಿ ಹದ್ದಿನ ಮುಂದ ಒಗೆದಳು. "ನಿನ್ನ ಪಾಲು ಇದು."

ಇವತ್ತಿನ ಮರೀನೂ ಉಸಿರಾಡಲಿಲ್ಲ. ಊದಿ ಊದಿ, ಹದ್ದು ಎಷ್ಟು ಹತ್ರ ಬಂದೈತಿ ಅಂತ ಹೊಳ್ಳಿ ನೋಡಿದೆ. ಬಯಲು ಖಾಲಿ ಇತ್ತು; ಹದ್ದು ಈ ಕಡೆ ಬರೋದು ನಿಂತು ಭಾಳ ವರ್ಷ ಆಗೈತಿ. ಮರಿ ಜೀವ ಐತೋ ಹೋತೋ, ಹೇಳೋರ ಇರಲಿಲ್ಲ. ಮತ್ತ ಊದಿದೆ.