ಗೀರದೆ ಗುರುತಿಸಬೇಕಾದ ಹರಳು

ಕಾಲೇಜಿನ ಭೂವಿಜ್ಞಾನ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ಕಲ್ಲುಗಳಿಗೆ ಚೀಟಿ ಅಂಟಿಸಿದ ಆಕೆಯನ್ನು ಎಲ್ಲರೂ ಕಲ್ಲಕ್ಕ ಎಂದೇ ಕರೆಯುತ್ತಿದ್ದರು. ಆಕೆಯ ಬರಹ ನೋಡದೆ ಸಂಗ್ರಾಹಕರು ಯಾವ ಹರಳಿಗೂ ಕೈ ಹಾಕುತ್ತಿರಲಿಲ್ಲ. ಮೆದು ಹರಳು ಬಂದರೆ ಆಕೆ ಮೊದಲು ನೋಡುತ್ತಿದ್ದುದು ಅದು ಮಲಗಿದ್ದ ಹತ್ತಿಯನ್ನು. ಉದುರಿದ ಕಣವೊಂದು ಅಲ್ಲಿ ಸಿಕ್ಕರೆ ಪರೀಕ್ಷೆಗೆ ಸಾಕು. ಹರಳಿನ ಮೈ ಮುಟ್ಟಬೇಕಿಲ್ಲ.

ಆ ಶನಿವಾರ ಬೆಳಿಗ್ಗೆ ಬಂದ ದರ್ಜಿ ದಂಪತಿ ಡಬ್ಬಿಯನ್ನು ಫಳಫಳ ತೊಳೆದು, ಹೊಸ ಹತ್ತಿ ಹಾಸಿ ತಂದಿದ್ದರು. ಹೆಬ್ಬೆರಳುದ್ದದ ಹಸಿರು ಹರಳು. ಗಣಿ ಕೆಲಸದಲ್ಲಿದ್ದ ಹೆಂಡತಿಯ ತಂದೆ ಅವಳಿಗೆ ಕೊಟ್ಟದ್ದು. ದಂಪತಿಯ ಅಂಗಡಿಯಲ್ಲಿದ್ದುದು ಒಂದೇ ಹೊಲಿಗೆ ಯಂತ್ರ, ಅದರ ಮುಂದೆ ಕೂರುವ ಪಾಳಿಗೆ ದಿನವೂ ಜಟಾಪಟಿ. ಹರಳು ಮಾರಿ ಇನ್ನೊಂದು ಯಂತ್ರ ಕೊಳ್ಳುವ ಆಸೆ. ಸಂಗ್ರಾಹಕರು ಮಧ್ಯಾಹ್ನ ಬರುವವರಿದ್ದರು.

ಇದು ವಿವಿಯನೈಟ್ ಆದರೆ ಅಪರೂಪ, ಬಣ್ಣ ಹತ್ತಿದ ಜಿಪ್ಸಮ್ ಆದರೆ ಕೇಳುವವರಿಲ್ಲ ಎಂದು ಕಲ್ಲಕ್ಕ ವಿವರಿಸಿದಳು. ಎರಡೂ ಉಗುರಿಗೆ ಗೀರು ಬೀಳುವಷ್ಟು ಮೆದು. ಜಿಪ್ಸಮ್ಮಿನ ಪುಡಿ ಬಿಳಿಯಾಗಿಯೇ ಉಳಿಯುತ್ತದೆ. ವಿವಿಯನೈಟಿನ ಪುಡಿ ಗಾಳಿ ಬೆಳಕಿಗೆ ನೀಲಿಯಾಗುತ್ತದೆ. ಪುಡಿಗೆಂದು ಹರಳನ್ನೇ ಗೀರಿದರೆ ಬೆಲೆ ಅರ್ಧಕ್ಕಿಳಿದೀತು.

“ಹಳೇ ಹತ್ತಿ ಎಲ್ಲಿ ಹೋಯ್ತಮ್ಮ?”

“ಕೊಳೆಯಾಗಿತ್ತು ಕಲ್ಲಕ್ಕ, ಕಸಕ್ಕೆ ಹಾಕ್ದೆ,” ಎಂದಳು ಹೆಂಡತಿ.

ಹರಳನ್ನು ಬೇರೆಲ್ಲಾದರೂ ಇಟ್ಟಿದ್ದಿರಾ ಎಂದಾಗ ಗಂಡ ತಡವರಿಸಿದ. ಕಳೆದ ವಾರ ಅಕ್ಕಸಾಲಿಗನಿಗೆ ತೋರಿಸಲು ಅದನ್ನು ಜೇಬಿನಲ್ಲಿ ಒಯ್ದಿದ್ದನಂತೆ. ಅದೇ ಅಂಗಿ ಈಗಲೂ ಮೈಮೇಲಿತ್ತು. ಜೇಬಿನ ತಳದಲ್ಲಿ ನೀಲಿ ಕಲೆ.

“ಸೋರೋ ಪೆನ್ನು ಇಟ್ಕೋಬೇಡಿ ಅಂತ ಎಷ್ಟು ಬಡ್ಕೊಂಡೆ,” ಎಂದಳು ಹೆಂಡತಿ.

“ನನ್ನ ಹತ್ರ ಪೆನ್ನೆಲ್ಲಿದೆ ಕಣೇ? ಇರೋದೊಂದು ಸೀಮೆಸುಣ್ಣ, ಅದೂ ಬಿಳೀದು.”

ಕಲ್ಲಕ್ಕ ಜೇಬು ಬಿಚ್ಚಲು ಹೇಳಿದಳು. ಅವನು ಬನಿಯನ್ನಿನಲ್ಲೇ ಕುಳಿತು, ತನ್ನದೇ ಜೋಡಿ ಹೊಲಿಗೆಯನ್ನು ಬ್ಲೇಡಿನಿಂದ ಬಿಡಿಸಿದ. ಮಡಿಕೆಯೊಳಗೆ ಹಸಿರು ಮಾಸದ ಚೂರೊಂದು ಸಿಕ್ಕಿತು. ಆಕೆ ಅದನ್ನು ಬಿಳಿ ಪಿಂಗಾಣಿ ಬಿಲ್ಲೆಯ ಮೇಲೆ ಅರೆದು ಕಿಟಕಿಯಲ್ಲಿಟ್ಟಳು. ಹಾಲು ಉಕ್ಕುವುದನ್ನು ಕಾಯುವವರಂತೆ ಮೂವರೂ ಅದರ ಮುಂದೆ ಕುಳಿತರು. ಹನ್ನೆರಡು ದಾಟುವಷ್ಟರಲ್ಲಿ ಬಿಳಿ ಪುಡಿಗೆ ತೆಳು ನೀಲಿ ಏರಿತು.

ಕಲ್ಲಕ್ಕ ಬರೆದಳು: ವಿವಿಯನೈಟ್, ಗೀರಿಲ್ಲ, ಒಂದು ತುದಿ ತುಸು ಉದುರಿದೆ, ಕತ್ತಲಲ್ಲಿಡತಕ್ಕದ್ದು. ಮಧ್ಯಾಹ್ನ ಬಂದ ಸಂಗ್ರಾಹಕರು ಅದನ್ನು ಎರಡು ಸಲ ಓದಿ, ಆಕೆ ಕಟ್ಟಿದ ಬೆಲೆಗೆ ಚಕಾರವೆತ್ತದೆ ಒಪ್ಪಿದರು.

ಹೊರಡುವಾಗ ಗಂಡ, ಹೊಸ ಯಂತ್ರದ ಮುಂದೆ ತನ್ನ ಕುರ್ಚಿ ಎಲ್ಲಿಡಬೇಕೆಂಬ ಮಾತು ತೆಗೆದ.

“ಹೊಸದು ನಂದು ರೀ. ನಿಮಗೆ ಹಳೇದೇ ಅಭ್ಯಾಸ,” ಎಂದು ಹೆಂಡತಿ ಮೆಟ್ಟಿಲಿಳಿದಳು. ಜೇಬಿಲ್ಲದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವನು ಹಿಂಬಾಲಿಸಿದ.