ಸೂಜಿಹುಲ್ಲಿನ ಹಂಪಮ್ಮ
ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ರಾಯದುರ್ಗದ ಹಂಪಮ್ಮ ತಮ್ಮ ಅಂಗಳದ ಸೂಜಿಹುಲ್ಲಿನ ಬೀಜವೊಂದನ್ನು ಅಂಗೈಯಲ್ಲಿಟ್ಟು ಅದರ ಮೇಲೆ ನೀರಿನ ಹನಿ ಬಿಡುತ್ತಿದ್ದರು. "ಬರ್ರಿ, ಬರ್ರಿ, ತಿರುಗಾಕ ಹತ್ತೈತಿ!" ಎಂದು ಅವರು ಕೂಗಿದರೆ ಹಾಲಿನವರು ಬೈಕ್ ನಿಲ್ಲಿಸಲೇಬೇಕು. ಬೀಜದ ಹಿಂದಿನ ಉದ್ದ ಬಾಲ ನೆನೆದರೆ ಗಡಿಯಾರದ ಮುಳ್ಳಿನಂತೆ ಸುತ್ತಿ, ಅದರ ಚೂಪು ತುದಿಯನ್ನು ಮಣ್ಣಿಗೆ ಇಳಿಸುತ್ತದೆ. ಇದನ್ನು ನೋಡದವರು ಅವರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಗುಲಾಬಿ ಯಾಕೆ ಬೆಳೆಸಲಿಲ್ಲ ಎಂದು ಕೇಳಿದರೆ, "ಗುಲಾಬಿ ಹಿಂಗ ತಿರುಗತೈತೇನ್ರಿ?" ಎನ್ನುತ್ತಾರೆ. ಅಂಗಳದ ಈ ಹುಲ್ಲುತೋಟಕ್ಕೆ ಹೋಗುವುದು ಸುಲಭ, ಹೊರಗೆ ಬರುವುದು ಕಷ್ಟ. ಒಂದು ಬೀಜವೂ ಓಣಿಗೆ ಹೋಗಬಾರದೆಂದು ಬಂದವರನ್ನು ಗೇಟಿನ ಬಳಿ ಕೂರಿಸಿ ಸೀರೆಯ ಅಂಚು, ಕಾಲುಚೀಲ, ಜೊತೆಗೆ ಬಂದ ನಾಯಿಯ ಕಿವಿಯನ್ನೂ ಬಿಡದೆ ಬೀಜ ಆರಿಸುತ್ತಾರೆ. ಅಷ್ಟರಲ್ಲಿ ಎರಡು ಸಲ ಚಹಾ ಆಗಿರುತ್ತದೆ. ಆ ಓಣಿಯಲ್ಲೇ ಸಣ್ಣೀರಪ್ಪನವರ ಕುರಿಗಳು ಓಡಾಡುತ್ತವೆ, ಉಣ್ಣೆಗೆ ಹತ್ತಿದ ಬೀಜ ಚರ್ಮಕ್ಕೂ ಹಾಗೆಯೇ ಇಳಿಯುತ್ತದೆ. "ನನ್ನ ಕುರಿಗೆ ಒಂದು ಚುಚ್ಚಿದ್ರೂ ನಿನ್ನ ತೋಟ ಬುಡಸಮೇತ ಕಿತ್ತು ಹಾಕ್ತೀನಿ ನೋಡಕ್ಕ" ಎಂದು ಸಣ್ಣೀರಪ್ಪ ಮೊದಲೇ ಹೇಳಿದ್ದರು. ಒಂದು ದಿನ ಕಣ್ಣು ಊದಿದ ಮರಿಯನ್ನು ಎತ್ತಿಕೊಂಡು ಬಂದರು. "ಗುಡ್ಡದಾಗೂ ಐತಿ ಈ ಹುಲ್ಲು. ನೀನ ಹೇಳಕ್ಕ, ನಿನ್ನವೇನಾರ ಹೊರಗ ಬಿದ್ದಾವೇನು?" ಇಲ್ಲ ಎಂದಿದ್ದರೆ ನಂಬಿ ಹೋಗುತ್ತಿದ್ದರು. ಹಂಪಮ್ಮ ಮರಿಯ ಕಣ್ಣನ್ನೇ ನೋಡುತ್ತ ಹೇಳಿದರು: "ಬಿದ್ದಾವಪ್ಪ, ನಿನ್ನೆ. ಎರಡು."